ಊರಿನ ಸೊಸೈಟಿಗೆ ಸೇರುವ ಮುನ್ನ: ಸದಸ್ಯತ್ವ, ಖಾತೆ, ಠೇವಣಿ ಮತ್ತು ಒಂದು ಜಾಮೀನು ಸಹಿ

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಹಳ್ಳಿಯವಳು. ಹಲವು ವರ್ಷ ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ, ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆಗಿರಲು ಊರಿಗೆ ಮರಳಿದ್ದೇನೆ. ಎರಡು ಎಕರೆ ಅಡಿಕೆ ತೋಟವಿದೆ. ಪಹಣಿ ಇನ್ನೂ ತಂದೆಯ ಹೆಸರಿನಲ್ಲಿದೆ. ಅಣ್ಣ ಪುಣೆಯಲ್ಲಿದ್ದಾನೆ. ತಂದೆ ಊರಿನ ಸೇವಾ ಸಹಕಾರಿ ಸಂಘದ ಸದಸ್ಯರಾಗಿದ್ದರು, ಅವರ ಬೆಳೆಸಾಲ ಸ್ವಲ್ಪ ಬಾಕಿಯಿದೆ. ಸಂಘದಲ್ಲಿ ವಿಚಾರಿಸಿದರೆ, ‘ಸದ್ಯಕ್ಕೆ ನಾಮಮಾತ್ರ ಸದಸ್ಯರಾಗಿ ಖಾತೆ ತೆರೆದು ಠೇವಣಿ ಇಡಿ, ಉಳಿದದ್ದು ಮುಂದೆ ನೋಡೋಣ’ ಎಂದರು. ನನ್ನ ಬಳಿ ಆರು ಲಕ್ಷ ರೂಪಾಯಿ ಉಳಿತಾಯವಿದೆ. ಬ್ಯಾಂಕಿಗಿಂತ ಬಡ್ಡಿ ಹೆಚ್ಚು ಎನ್ನುತ್ತಾರೆ. ಅಲ್ಲಿಡುವುದು ಕ್ಷೇಮವೇ? ಸದಸ್ಯಳಾಗಲು ಏನೇನು ಬೇಕು? ಇಷ್ಟರಲ್ಲೇ ನೆರೆಮನೆಯವರು, ‘ನೀನು ಸದಸ್ಯಳಾದ ಮೇಲೆ ನನ್ನ ಸಾಲಕ್ಕೆ ಜಾಮೀನು ಸಹಿ ಹಾಕು’ ಎಂದು ಕೇಳಿದ್ದಾರೆ. ಇಲ್ಲ ಎನ್ನಲು ಸಂಕೋಚವಾಗುತ್ತಿದೆ.

ಉತ್ತರ: ನಾಮಮಾತ್ರ ಸದಸ್ಯರಾಗಬೇಡಿ. ಸಂಘ ಸೇರುವುದಾದರೆ ಷೇರು ಕೊಂಡು, ಮತದ ಹಕ್ಕಿರುವ ಪೂರ್ಣ ಸದಸ್ಯರಾಗಿಯೇ ಸೇರಿ. ಅದಕ್ಕೆ ಒಂದೆರಡು ತಿಂಗಳು ಹೆಚ್ಚು ಹಿಡಿದರೂ ಪರವಾಗಿಲ್ಲ. ಅಲ್ಲಿಯವರೆಗೆ ನಿಮ್ಮ ಹಣ ಈಗಿರುವ ಬ್ಯಾಂಕಿನಲ್ಲೇ ಇರಲಿ.

ಹೀಗೇಕೆ ಹೇಳುತ್ತೇನೆಂದರೆ, ಬ್ಯಾಂಕಿನಲ್ಲಿ ನೀವು ಗ್ರಾಹಕರು, ಸಂಘದಲ್ಲಿ ಹಾಗಲ್ಲ. ಅಲ್ಲಿ ಠೇವಣಿ ಇಡುವವರು, ಸಾಲ ಪಡೆಯುವವರು, ಆಡಳಿತ ಮಂಡಳಿಯನ್ನು ಆರಿಸುವವರು ಎಲ್ಲರೂ ಅದೇ ಊರಿನ ಅದೇ ಜನ. ಹತ್ತು ಷೇರು ಇರುವವರಿಗೂ ಐನೂರು ಷೇರು ಇರುವವರಿಗೂ ಒಂದೇ ಮತ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘ ಹುಟ್ಟಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯೂ ತಡಮಾಡಲಿಲ್ಲ. ಶಿರಸಿಯಲ್ಲಿ ಕೇಂದ್ರ ಕಚೇರಿಯಿರುವ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್, ಅಂದರೆ ನಮ್ಮ ಕೆಡಿಸಿಸಿ, 1920ರದ್ದು. ಟಿಎಸ್ಎಸ್ ಎಂದೇ ಎಲ್ಲರೂ ಕರೆಯುವ ತೋಟಗಾರ್ಸ್ ಸೇಲ್ ಸೊಸೈಟಿ 1923ರದ್ದು. ಮಳೆಗಾಲದಲ್ಲಿ ಕೈ ಬರಿದಾದಾಗ ತೋಟವನ್ನೇ ಒತ್ತೆಯಿಟ್ಟು ಸಾಲ ತರುತ್ತಿದ್ದ ಬೆಳೆಗಾರನಿಗೆ ಬೇರೊಂದು ದಾರಿ ತೋರಿಸಿದ್ದು ಸಹಕಾರ. ಈ ವ್ಯವಸ್ಥೆಯ ಬಗ್ಗೆ ನನಗೆ ಬಹಳ ಗೌರವವಿದೆ. ಗೌರವವಿರುವುದರಿಂದಲೇ ಕಣ್ಣುಮುಚ್ಚಿ ನಂಬಿ ಎಂದು ಹೇಳಲಾರೆ.

ನಾಮಮಾತ್ರ ಸದಸ್ಯರೆಂದರೆ ಅಲ್ಪ ಶುಲ್ಕ ಕಟ್ಟಿ ವ್ಯವಹಾರಕ್ಕೆ ಮಾತ್ರ ಒಳಬಂದವರು. ಅವರಿಗೆ ಮತವಿಲ್ಲ, ಲಾಭಾಂಶವಿಲ್ಲ, ಚುನಾವಣೆಗೆ ನಿಲ್ಲುವ ಹಕ್ಕಿಲ್ಲ. ನೀವು ಲಕ್ಷಗಟ್ಟಲೆ ಠೇವಣಿ ಇಟ್ಟಿದ್ದರೂ ಆ ಹಣವನ್ನು ಯಾರಿಗೆ ಸಾಲ ಕೊಡಬೇಕೆಂದು ತೀರ್ಮಾನಿಸುವ ಮಂಡಳಿಯನ್ನು ಆರಿಸುವಾಗ ನಿಮ್ಮ ಮಾತು ನಡೆಯುವುದಿಲ್ಲ. ಪೂರ್ಣ ಸದಸ್ಯರಲ್ಲದವರಿಂದ ಠೇವಣಿ ಸಂಗ್ರಹಿಸುವುದರ ಬಗ್ಗೆ ಮೇಲಿನವರಿಗೂ ಆಕ್ಷೇಪವಿದೆ. 2017ರಲ್ಲಿ ಹೈದರಾಬಾದಿನ ಸಿಟಿಜನ್ ಕೋ-ಆಪರೇಟಿವ್ ಸೊಸೈಟಿಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಹೀಗೆ ನಾಮಮಾತ್ರ ಸದಸ್ಯರ ಹಣದ ಮೇಲೆ ನಡೆಯುವ ಸಂಸ್ಥೆ ನಿಜವಾದ ಅರ್ಥದಲ್ಲಿ ಸಹಕಾರಿಯಲ್ಲ ಎಂದು ಕಂಡು ತೆರಿಗೆ ವಿನಾಯಿತಿಯನ್ನು ನಿರಾಕರಿಸಿತು. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಕೂಡ ಸಾರ್ವಜನಿಕರನ್ನು ಎಚ್ಚರಿಸಿತು: ಕೆಲವು ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಎಂಬ ಪದ ಬಳಸುತ್ತಿವೆ, ಸದಸ್ಯರಲ್ಲದವರಿಂದ, ನಾಮಮಾತ್ರ ಸದಸ್ಯರಿಂದ ಠೇವಣಿ ಪಡೆಯುತ್ತಿವೆ, ಇವುಗಳಿಗೆ ಬ್ಯಾಂಕಿಂಗ್ ಪರವಾನಗಿ ಇಲ್ಲ ಎಂದು. ನಿಮ್ಮ ಸಂಘದ ಗುಮಾಸ್ತರು ಕೆಟ್ಟ ಉದ್ದೇಶದಿಂದ ಹಾಗೆ ಹೇಳಿದರೆಂದು ನಾನು ಭಾವಿಸುವುದಿಲ್ಲ. ಅವರಿಗೆ ಅದು ಕಾಗದಪತ್ರದ ಕೆಲಸ ಕಡಿಮೆಯಾಗುವ ದಾರಿ, ನಿಮಗೆ ಮಾತ್ರ ನಷ್ಟದ ದಾರಿ.

ಇನ್ನು ಪೂರ್ಣ ಸದಸ್ಯತ್ವದ ಕ್ರಮ. ಹದಿನೆಂಟು ತುಂಬಿರಬೇಕು, ಸಂಘದ ಕಾರ್ಯಕ್ಷೇತ್ರದಲ್ಲಿ, ಎಂದರೆ ಅದರ ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಹೆಸರಿಸಿದ ಹಳ್ಳಿಗಳಲ್ಲಿ, ವಾಸವಿರಬೇಕು ಅಥವಾ ಜಮೀನು ಹೊಂದಿರಬೇಕು. ಅರ್ಜಿ ನಮೂನೆ ಸಂಘದಲ್ಲೇ ಸಿಗುತ್ತದೆ. ಆಧಾರ್, ಪ್ಯಾನ್, ಭಾವಚಿತ್ರ, ವಿಳಾಸದ ದಾಖಲೆ, ಪಹಣಿ ಇದ್ದರೆ ಅದರ ಪ್ರತಿ ಬೇಕು. ನಿಮ್ಮ ಆಧಾರ್‌ನಲ್ಲಿ ಇನ್ನೂ ಹುಬ್ಬಳ್ಳಿಯ ವಿಳಾಸವಿದ್ದರೆ ಮೊದಲು ಅದನ್ನು ತಿದ್ದಿಸಿಕೊಳ್ಳಿ. ಅರ್ಧದಷ್ಟು ಅರ್ಜಿಗಳು ತಡವಾಗುವುದು ಇಂಥ ಸಣ್ಣ ಕಾರಣಕ್ಕೆ. ಪ್ರವೇಶ ಶುಲ್ಕ ಮತ್ತು ಷೇರು ಹಣ ಕಟ್ಟಿ ರಶೀದಿ ಪಡೆಯಿರಿ. ಕನಿಷ್ಠ ಎಷ್ಟು ಷೇರು, ಒಂದರ ಮುಖಬೆಲೆ ಎಷ್ಟು ಎಂಬುದು ಸಂಘದಿಂದ ಸಂಘಕ್ಕೆ ಬೇರೆ. ಹಣ ಕಟ್ಟಿದ ದಿನವೇ ನೀವು ಸದಸ್ಯರಾಗುವುದಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಅರ್ಜಿ ಮಂಜೂರಾಗಿ, ಸದಸ್ಯರ ರಿಜಿಸ್ಟರಿನಲ್ಲಿ ಹೆಸರು ಏರಿದ ಮೇಲೆ ಸದಸ್ಯತ್ವ. ಷೇರು ಪತ್ರ ಮತ್ತು ಸದಸ್ಯತ್ವ ಸಂಖ್ಯೆ ಕೈಗೆ ಬರುವವರೆಗೆ ಕೇಳುತ್ತಲೇ ಇರಿ. ಅರ್ಹತೆಯಿರುವವರನ್ನು ತಕ್ಕ ಕಾರಣವಿಲ್ಲದೆ ಹೊರಗಿಡುವ ಅಧಿಕಾರ ಮಂಡಳಿಗಿಲ್ಲ. ಚುನಾವಣೆ ಹತ್ತಿರವಿರುವಾಗ ಹೊಸ ಅರ್ಜಿಗಳನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಳ್ಳುವ ರೂಢಿ ಕೆಲವೆಡೆ ಇದೆ. ಹಾಗಾದರೆ ಕಾರಣವನ್ನು ಲಿಖಿತವಾಗಿ ಕೇಳಿ, ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ದೂರು ಕೊಡಿ.

ತಂದೆಯ ಷೇರುಗಳ ವಿಷಯ ಬೇರೆ, ನಿಮ್ಮ ಸದಸ್ಯತ್ವದ ವಿಷಯ ಬೇರೆ. ಇವೆರಡನ್ನು ಒಂದೇ ಗಂಟಿನಲ್ಲಿ ಕಟ್ಟಬೇಡಿ. ತಂದೆ ಷೇರಿಗೆ ಯಾರನ್ನು ನಾಮನಿರ್ದೇಶನ ಮಾಡಿದ್ದರೆಂದು ಸಂಘದ ದಾಖಲೆಯಲ್ಲಿ ನೋಡಿಸಿ. ತಾಯಿಯ ಹೆಸರಿದ್ದರೆ ಮರಣ ಪ್ರಮಾಣಪತ್ರ ಕೊಟ್ಟು ಷೇರುಗಳನ್ನು ಅವರ ಹೆಸರಿಗೆ ವರ್ಗಾಯಿಸಿ, ಅವರನ್ನೇ ಸದಸ್ಯರನ್ನಾಗಿಸಿ. ನೀವು ನಿಮ್ಮ ಹಣದಿಂದ ಹೊಸ ಷೇರು ಕೊಂಡು ಪ್ರತ್ಯೇಕ ಸದಸ್ಯರಾಗಿ. ಮನೆಯಲ್ಲಿ ಎರಡು ಮತ ಇರುತ್ತವೆ. ನಮ್ಮ ಹಳ್ಳಿಗಳಲ್ಲಿ ಸಂಘದ ಸದಸ್ಯತ್ವವೆಂದರೆ ಮನೆಯ ಯಜಮಾನನಿಗೆ ಸೇರಿದ್ದು ಎಂಬ ಭಾವನೆ ಇನ್ನೂ ಹೋಗಿಲ್ಲ. ಕಾನೂನು ಹಾಗೆನ್ನುವುದಿಲ್ಲ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲು ಸ್ಥಾನಗಳೇ ಇವೆ, ಅವುಗಳಿಗೆ ಲೆಕ್ಕ ಓದಬಲ್ಲ, ಪ್ರಶ್ನೆ ಕೇಳಬಲ್ಲ ಹೆಣ್ಣುಮಕ್ಕಳು ಬೇಕಾಗಿದ್ದಾರೆ.

ಪಹಣಿ ಬದಲಾಗುವವರೆಗೆ ಕಾಯಬೇಕೇ? ಸದಸ್ಯತ್ವಕ್ಕೆ ಸಾಮಾನ್ಯವಾಗಿ ಬೇಕಿಲ್ಲ, ಕಾರ್ಯಕ್ಷೇತ್ರದಲ್ಲಿ ವಾಸವಿದ್ದರೆ ಸಾಕೆಂದು ಅನೇಕ ಸಂಘಗಳ ಬೈಲಾ ಹೇಳುತ್ತದೆ. ಆದರೆ ಬೆಳೆಸಾಲಕ್ಕೆ ಪಹಣಿ ಬೇಕೇ ಬೇಕು. ಆದ್ದರಿಂದ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ, ಅರ್ಜಿಯನ್ನು ಇಂದೇ ಹಾಕಿ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಕೊಟ್ಟರಾಯಿತು. ತಾಯಿ, ಅಣ್ಣ, ನೀವು ಮೂವರೂ ವಾರಸುದಾರರು. ಮಗಳಿಗೂ ಮಗನಷ್ಟೇ ಹಕ್ಕು. ಮೂವರ ಹೆಸರೂ ಪಹಣಿಗೆ ಬಂದರೆ ಆ ಜಮೀನಿನ ಮೇಲೆ ಸಾಲ ಎತ್ತುವಾಗ ಸಂಘ ಉಳಿದಿಬ್ಬರ ಒಪ್ಪಿಗೆ ಕೇಳುತ್ತದೆ. ಪುಣೆಯಲ್ಲಿರುವ ಅಣ್ಣ ಮುಂದಿನ ಸಲ ಊರಿಗೆ ಬಂದಾಗಲೇ ಈ ಮಾತು ಮುಗಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ತಂದೆಯ ಬೆಳೆಸಾಲಕ್ಕೆ ನೀವು ಸ್ವಂತ ದುಡಿಮೆಯ ಹಣದಿಂದ ಹೊಣೆಯಲ್ಲ. ಅವರಿಂದ ಬಂದ ಆಸ್ತಿಯ ಮಟ್ಟಿಗೆ ವಾರಸುದಾರರು ಹೊಣೆ. ಆದರೂ ಅದನ್ನು ಬೇಗ ತೀರಿಸುವುದೇ ಜಾಣತನ, ಏಕೆಂದರೆ ಆ ಸಾಲ ವಾಯಿದೆ ಮೀರಿ ಕಟಬಾಕಿಯಾಗಿ ಉಳಿದಷ್ಟು ಕಾಲ ಅದೇ ತೋಟದ ಮೇಲೆ ನಿಮಗೆ ಹೊಸ ಸಾಲ ಹುಟ್ಟುವುದು ಕಷ್ಟ. ಅಸಲು ಎಷ್ಟು, ಬಡ್ಡಿ ಎಷ್ಟು, ವಾಯಿದೆ ಯಾವಾಗ ಮುಗಿಯಿತು ಎಂದು ಲಿಖಿತ ವಿವರ ಕೇಳಿ. ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದೆ. ಎಲ್ಲರಿಗೂ 5 ಲಕ್ಷ ಸಿಗುತ್ತದೆಂದು ಇದರ ಅರ್ಥವಲ್ಲ, ಎಕರೆಗೆ ಇಷ್ಟೆಂಬ ಲೆಕ್ಕದ ಮೇಲೆ ಮಂಜೂರಾತಿ. ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಶೂನ್ಯ ಬಡ್ಡಿ. ಆ ದಿನ ದಾಟಿತೋ ರಿಯಾಯಿತಿ ಹೋಯಿತು. ಅಡಿಕೆ ಮಾರಿದ ಹಣ ಬರುವ ತಿಂಗಳಿಗೂ ಸಾಲದ ವಾಯಿದೆಗೂ ಹೊಂದಿಕೆಯಿದೆಯೇ ಎಂದು ಸಾಲ ಪಡೆಯುವಾಗಲೇ ಯೋಚಿಸಿ.

ಸಾಲವಲ್ಲದೆ ಸಂಘದಿಂದ ಬೇರೆ ಪ್ರಯೋಜನಗಳೂ ಇವೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆವಿಮೆಗೆ ನಮ್ಮ ಜಿಲ್ಲೆಯ ಬಹುತೇಕ ಬೆಳೆಗಾರರು ನೋಂದಾಯಿಸಿಕೊಳ್ಳುವುದು ಸಂಘದ ಮೂಲಕ. ಸಹಕಾರಿ ಸದಸ್ಯರಿಗಾಗಿರುವ ಯಶಸ್ವಿನಿ ಆರೋಗ್ಯ ಯೋಜನೆ ಮತ್ತೆ ಜಾರಿಗೆ ಬಂದಿದೆ. ಅದರಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ನೆರವಿದೆ. ವಯಸ್ಸಾದ ತಾಯಿ ಜೊತೆಗಿರುವಾಗ ನೋಂದಣಿಯ ಕೊನೆಯ ದಿನಾಂಕ ತಪ್ಪಿಸಿಕೊಳ್ಳಬೇಡಿ.

ಈಗ ಆರು ಲಕ್ಷದ ಮಾತು. ಇದನ್ನು ನಿಧಾನವಾಗಿ ಓದಿ.

ಬ್ಯಾಂಕುಗಳ ಠೇವಣಿಗೆ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ವಿಮೆಯಿದೆ. 2020ರ ಫೆಬ್ರುವರಿ 4ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ಅದಕ್ಕೆ ಮೊದಲು 1 ಲಕ್ಷವಿತ್ತು. ಈ ವಿಮೆ ವಾಣಿಜ್ಯ ಬ್ಯಾಂಕುಗಳಿಗಿದೆ, ಅರ್ಬನ್ ಸಹಕಾರಿ ಬ್ಯಾಂಕುಗಳಿಗಿದೆ, ಕೆಡಿಸಿಸಿಯಂಥ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳಿಗೂ ಇದೆ. ನಿಮ್ಮೂರಿನ ಸೇವಾ ಸಹಕಾರಿ ಸಂಘಕ್ಕೆ ಇಲ್ಲ. ಪಟ್ಟಣದ ಪತ್ತಿನ ಸಹಕಾರಿ ಸಂಘಗಳಿಗೂ ಪತ್ತಿನ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ಫಲಕ ಎಷ್ಟೇ ಹೊಳೆಯಲಿ, ಕೌಂಟರಿನ ಹಿಂದೆ ಎಷ್ಟೇ ಕಂಪ್ಯೂಟರುಗಳಿರಲಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದಿದ್ದರೆ ಈ ವಿಮೆ ಇಲ್ಲ.

ಇದನ್ನು ಕೇಳಿದರೆ ಸಂಘದವರು ಒಂದು ಉತ್ತರ ಕೊಡುವುದುಂಟು: ‘ನಮ್ಮ ಹೆಚ್ಚುವರಿ ಹಣವೆಲ್ಲ ಕೆಡಿಸಿಸಿಯಲ್ಲಿದೆ, ಅಲ್ಲಿ ವಿಮೆಯಿದೆ, ಆದ್ದರಿಂದ ನಿಮ್ಮ ಹಣಕ್ಕೂ ವಿಮೆಯಿದ್ದಂತೆ.’ ಇದು ಸರಿಯಲ್ಲ. ಸಂಘ ಕೆಡಿಸಿಸಿಯಲ್ಲಿ ಹಣವಿಟ್ಟರೆ ಅಲ್ಲಿ ಇಡೀ ಸಂಘವೇ ಒಬ್ಬ ಠೇವಣಿದಾರ. ಸಾವಿರ ಸದಸ್ಯರ ಹಣವಿದ್ದರೂ ವಿಮೆಯ ಮಿತಿ ಒಂದೇ 5 ಲಕ್ಷ. ಹಾಗೆಂದು ಕೆಡಿಸಿಸಿಯಲ್ಲಿಟ್ಟ ಹಣ ವ್ಯರ್ಥವಲ್ಲ. ಸದಸ್ಯರು ಒಮ್ಮೆಗೇ ಹಣ ಕೇಳಿದರೆ ಸಂಘ ಅಲ್ಲಿಂದ ತೆಗೆದು ಕೊಡಬಲ್ಲದು, ಅದು ನಿಜಕ್ಕೂ ಒಂದು ಬಲ. ಆದರೆ ಅದು ವಿಮೆಯಲ್ಲ.

ವಿಮೆಯಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆಯಲ್ಲೇ ಉದಾಹರಣೆಯಿದೆ. 2025ರ ಜುಲೈನಲ್ಲಿ ಕಾರವಾರ ಅರ್ಬನ್ ಸಹಕಾರಿ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕ್ ರದ್ದುಪಡಿಸಿತು. ಅಲ್ಲಿನ ಠೇವಣಿದಾರರ ಆತಂಕ ಸಣ್ಣದಲ್ಲ, 5 ಲಕ್ಷಕ್ಕಿಂತ ಹೆಚ್ಚಿಟ್ಟವರ ಗತಿ ಇನ್ನೂ ಕಷ್ಟದ್ದು. ಆದರೂ ಅದು ಬ್ಯಾಂಕಾಗಿದ್ದರಿಂದ ಬಹುಪಾಲು ಠೇವಣಿದಾರರ ಪೂರ್ತಿ ಹಣ ವಿಮೆಯ ಮಿತಿಯೊಳಗೇ ಬಂತು. ಸಂಘವೊಂದು ಹೀಗೆ ಮುಚ್ಚಿದರೆ ಅದರ ಲೆಕ್ಕ ಮುಗಿಸಲು ನೇಮಕವಾದ ಸಮಾಪನಾಧಿಕಾರಿ ಸಾಲಗಳನ್ನು ವಸೂಲು ಮಾಡಿದಂತೆ ಹಂಚುತ್ತಾ ಹೋಗುತ್ತಾರೆ; ವರ್ಷಗಳೇ ಹಿಡಿಯುತ್ತವೆ.

ಹಾಗಾದರೆ ಸಂಘದಲ್ಲಿ ಠೇವಣಿ ಇಡಲೇಬಾರದೇ? ಇಡಬಹುದು. ಊರಿನವರೆಲ್ಲ ಹೊರಗೇ ಹಣವಿಟ್ಟರೆ ಸಂಘ ಪ್ರತಿಯೊಂದು ಸಾಲಕ್ಕೂ ಮೇಲಿನ ಬ್ಯಾಂಕಿನ ಬಾಗಿಲಿಗೇ ಹೋಗಬೇಕಾಗುತ್ತದೆ, ಸಾಲದ ಬಡ್ಡಿ ಏರುತ್ತದೆ. ಸದಸ್ಯರ ಠೇವಣಿಯಿಂದಲೇ ಗಟ್ಟಿಯಾಗಿ ನಿಂತ ಸಂಘಗಳು ಈ ಜಿಲ್ಲೆಯಲ್ಲಿ ಕಡಿಮೆಯೇನಲ್ಲ. ಆದರೆ ಲೆಕ್ಕ ನೋಡಿ ಇಡಬೇಕು.

ನೋಡುವುದು ಹೇಗೆ? ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವುದರೊಳಗೆ ಸಂಘದ ವಾರ್ಷಿಕ ಮಹಾಸಭೆ ನಡೆಯುತ್ತದೆ. ಅದಕ್ಕೆ ಮೊದಲು ಅಚ್ಚಾದ ವರದಿ ಬರುತ್ತದೆ. ಹಿಂದಿನ ಮೂರು ವರ್ಷಗಳ ವರದಿ ಕೇಳಿ ಪಡೆಯಿರಿ. ಮುಖಪುಟದಲ್ಲಿರುವ ಲಾಭದ ಅಂಕಿಯನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದದ್ದು ಕಟಬಾಕಿ: ಕೊಟ್ಟ ಸಾಲದಲ್ಲಿ ವಾಯಿದೆ ಮೀರಿಯೂ ಬಾರದ್ದು ಎಷ್ಟು, ಅದು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಇಳಿಯುತ್ತಿದೆಯೇ. ಆಮೇಲೆ ಸಾಲದ ಸ್ವರೂಪ: ನೂರಾರು ಬೆಳೆಗಾರರಿಗೆ ಹಂಚಿದ ಸಣ್ಣ ಬೆಳೆಸಾಲ, ಅಡಿಕೆಯನ್ನು ಒತ್ತೆಯಿಟ್ಟು ಪಡೆದ ಈಡಿನ ಸಾಲ, ಬಂಗಾರದ ಸಾಲ ಹೆಚ್ಚಿದ್ದರೆ ಭಯ ಕಡಿಮೆ. ನಾಲ್ಕೈದು ಜನರಿಗೇ ಸಂಘದ ಅರ್ಧ ಸಾಲ ಹೋಗಿದ್ದರೆ, ಅದರಲ್ಲೂ ಪಟ್ಟಣದ ನಿವೇಶನ, ಲಾಡ್ಜ್, ಕಟ್ಟಡಗಳ ಮೇಲೆ ಹೋಗಿದ್ದರೆ, ನಿಮ್ಮ ಠೇವಣಿಯ ಕ್ಷೇಮ ಆ ನಾಲ್ಕೈದು ಜನರ ವ್ಯಾಪಾರದ ಮೇಲೆ ನಿಂತಿದೆ ಎಂದೇ ತಿಳಿಯಿರಿ. ನಿವ್ವಳ ಲಾಭದ ಕಾಲುಭಾಗ ಪ್ರತಿ ವರ್ಷ, ಕಷ್ಟದ ದಿನಕ್ಕೆಂದು ಎತ್ತಿಡುವ ಆಪದ್ಧನ ನಿಧಿಗೆ ಹೋಗಬೇಕು, ಆ ನಿಧಿ ಬೆಳೆಯುತ್ತಿದೆಯೇ ನೋಡಿ. ಲೆಕ್ಕಪರಿಶೋಧಕರು ಕೊಟ್ಟ ವರ್ಗ ‘ಎ’ಯೋ ‘ಬಿ’ಯೋ ‘ಸಿ’ಯೋ ಎಂಬುದು ವರದಿಯಲ್ಲೇ ಇರುತ್ತದೆ. ವರ್ಗಕ್ಕಿಂತ ಮುಖ್ಯವಾದದ್ದು ಪರಿಶೋಧಕರ ಆಕ್ಷೇಪಣೆಗಳ ಪಟ್ಟಿ. ಅದೇ ಆಕ್ಷೇಪಣೆ ಮೂರು ವರ್ಷವೂ ಮರುಕಳಿಸಿದ್ದರೆ ಯಾರೂ ಅದನ್ನು ಸರಿಪಡಿಸಿಲ್ಲ, ಸಭೆಯಲ್ಲಿ ಯಾರೂ ಕೇಳಿಯೂ ಇಲ್ಲ. ಲೆಕ್ಕಪರಿಶೋಧನೆಯ ಕೆಲಸದಲ್ಲಿ ನನಗೆ ಹೆಚ್ಚು ನೋವು ತಂದದ್ದು ಇದೇ: ತೊಂದರೆಗೆ ಸಿಕ್ಕಿದ ಸಂಘಗಳ ಕಡತದಲ್ಲಿ ಎಚ್ಚರಿಕೆಯ ಸಾಲುಗಳು ಬಹಳ ಮೊದಲೇ ಬರೆದಿರುತ್ತವೆ. ಮಹಾಸಭೆಯಲ್ಲಿ ‘ಓದಿದ್ದೆಂದು ಭಾವಿಸಲಾಗಿದೆ’ ಎಂದು ಒಪ್ಪಿಸಿ ಎಲ್ಲರೂ ಊಟಕ್ಕೆ ಏಳುತ್ತಾರೆ.

ವರದಿ ಕೊಡಲು ಸಂಘದವರು ಹಿಂಜರಿದರೆ ಅದೇ ನಿಮಗೆ ಸಿಕ್ಕ ಉತ್ತರ. ಸಹಕಾರ ಸಂಘಗಳು ಸಾಮಾನ್ಯವಾಗಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲವೆಂದು 2013ರಲ್ಲಿ ಕೇರಳದ ತಲಪ್ಪಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಬಂಧಕರ ಕಚೇರಿ ಸರಕಾರಿ ಕಚೇರಿ. ಸಂಘದಿಂದ ಅಲ್ಲಿಗೆ ಸಲ್ಲಿಕೆಯಾದ ಲೆಕ್ಕಪರಿಶೋಧನಾ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಅಲ್ಲಿಂದ ಕೇಳಬಹುದು.

ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಆರು ಲಕ್ಷದಲ್ಲಿ ನಾಲ್ಕೂವರೆ ಲಕ್ಷವನ್ನು ಬ್ಯಾಂಕಿನಲ್ಲೇ ಬಿಡುತ್ತಿದ್ದೆ. ಬಡ್ಡಿ ಸೇರಿದರೂ ವಿಮೆಯ ಮಿತಿಯೊಳಗಿರುತ್ತದೆ. ಪೂರ್ತಿ ಆರು ಲಕ್ಷವನ್ನು ಒಂದೇ ಬ್ಯಾಂಕಿನಲ್ಲಿಟ್ಟರೂ ಮಿತಿ ಮೀರುತ್ತದೆ ಎಂಬುದನ್ನು ಗಮನಿಸಿ. ಮನೆಯ ತುರ್ತಿಗೆ, ಅಡಿಕೆಯ ಕೊನೆಕೊಯ್ಲಿನ ಕೂಲಿಗೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಖರ್ಚಿಗೆಂದು ಐವತ್ತು ಸಾವಿರವನ್ನು ಬೇರೊಂದು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಉಳಿದ ಒಂದು ಲಕ್ಷವನ್ನು, ಪೂರ್ಣ ಸದಸ್ಯತ್ವ ಬಂದು ಮೂರು ವರ್ಷದ ವರದಿ ಓದಿ ಮನಸ್ಸು ಒಪ್ಪಿದರೆ, ಸಂಘದಲ್ಲಿ ಒಂದು ವರ್ಷದ ಮುದ್ದತಿ ಠೇವಣಿಯಾಗಿ ಇಡುತ್ತಿದ್ದೆ. ಮೊದಲ ಮಹಾಸಭೆಗೆ ಹೋಗಿ ಬಂದ ಮೇಲೆ ಹೆಚ್ಚಿಸುವ ಮಾತು. ಬಡ್ಡಿ ಬ್ಯಾಂಕಿಗಿಂತ ತುಸು ಹೆಚ್ಚಿರುವುದು ಸಹಜ. ಸುತ್ತಲಿನ ಎಲ್ಲ ಸಂಘಗಳಿಗಿಂತ ಒಂದು ಸಂಘ ಮಾತ್ರ ಬಹಳ ಹೆಚ್ಚು ಕೊಡುತ್ತಿದ್ದರೆ, ಅದಕ್ಕೆ ಹಣದ ಅಗತ್ಯ ಏಕೆ ಅಷ್ಟು ತುರ್ತಾಗಿದೆ ಎಂದು ಕೇಳಬೇಕು.

ಖಾತೆಯ ಬಗ್ಗೆ ಎರಡು ಮಾತು. ಸಂಘದ ಉಳಿತಾಯ ಖಾತೆ ಬ್ಯಾಂಕ್ ಖಾತೆಗೆ ಬದಲಿಯಲ್ಲ. ಸಾಮಾನ್ಯವಾಗಿ ಅದಕ್ಕೆ ಚೆಕ್ ಪುಸ್ತಕವಿಲ್ಲ, ಮೊಬೈಲಿನಿಂದ ಹಣ ಕಳಿಸುವ ಸೌಲಭ್ಯವಿಲ್ಲ. ಪಿಎಂ ಕಿಸಾನ್, ಗೃಹಲಕ್ಷ್ಮಿ, ಬೆಳೆವಿಮೆ ಪರಿಹಾರ ಇವೆಲ್ಲ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ ಬರುತ್ತವೆ. ಹಾಗಾಗಿ ನಿಮ್ಮ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ. ಠೇವಣಿ ಇಡುವಾಗ ನಗದು ಹಿಡಿದುಕೊಂಡು ಹೋಗಬೇಡಿ, ಬ್ಯಾಂಕಿನಿಂದ ವರ್ಗಾಯಿಸಿ. ಪತ್ತಿನ ಸಂಘಗಳು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ನಿಮ್ಮೂರಿನ ಸೇವಾ ಸಹಕಾರಿ ಸಂಘದಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಮಾತ್ರ 2023ರ ಏಪ್ರಿಲ್‌ನಿಂದ ಈ ಮಿತಿ 2 ಲಕ್ಷ. ಕಾನೂನಿನ ಮಾತು ಬಿಟ್ಟರೂ, ಬ್ಯಾಂಕಿನ ಮೂಲಕ ಹೋದ ಹಣಕ್ಕೆ ಸಾಕ್ಷಿಯಿರುತ್ತದೆ. ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಸಣ್ಣ ಸಂಘಗಳು ಸದಸ್ಯರ ಬಡ್ಡಿಯಿಂದ ತೆರಿಗೆ ಹಿಡಿಯುವುದಿಲ್ಲವೆಂಬ ಕಾರಣಕ್ಕೆ ಅದು ತೆರಿಗೆಮುಕ್ತವೆಂದು ಅನೇಕರು ನಂಬಿದ್ದಾರೆ, ಅದು ತಪ್ಪು.

ದಿನವೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿಯನ್ನು ತಾಯಿ ಕಟ್ಟುತ್ತಿದ್ದರೆ ಮುಂದುವರಿಸಲಿ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆಯಲ್ಲಿ ಶುರುವಾದ ಈ ಪದ್ಧತಿ ಕರಾವಳಿಯ ಮೀನು ಮಾರುವ ಹೆಂಗಸರಿಂದ ಹಿಡಿದು ಘಟ್ಟದ ಮೇಲಿನ ಅಂಗಡಿಯವರವರೆಗೆ ಎಲ್ಲರಿಗೂ ಉಳಿತಾಯ ಕಲಿಸಿದೆ. ಆದರೆ ತಿಂಗಳಿಗೊಮ್ಮೆ ಪಾಸ್ ಪುಸ್ತಕವನ್ನು ಸಂಘದ ಕಚೇರಿಗೇ ಒಯ್ದು ಅಲ್ಲಿನ ಖಾತೆಯೊಂದಿಗೆ ತಾಳೆ ನೋಡಿ. ಸಂಗ್ರಾಹಕರು ಎಷ್ಟೇ ಪರಿಚಿತರಾಗಿದ್ದರೂ ಇದನ್ನು ಬಿಡಬೇಡಿ.

ಕಾರವಾರ, ಅಂಕೋಲಾ, ಹೊನ್ನಾವರ ಕಡೆಯ ಓದುಗರಿಗೂ ಇದೇ ಅನ್ವಯ. ಮೀನುಗಾರರ ಸಹಕಾರಿ ಸಂಘವಿರಲಿ, ನೌಕರರ ಪತ್ತಿನ ಸಂಘವಿರಲಿ, 1997ರ ಕಾಯ್ದೆಯಡಿ ನೋಂದಾಯಿತವಾದ ಸೌಹಾರ್ದವಿರಲಿ, ಕೇಳಬೇಕಾದ ಪ್ರಶ್ನೆಗಳು ಒಂದೇ. ಹಲವು ರಾಜ್ಯಗಳಲ್ಲಿ ಶಾಖೆಯಿರುವ ಬಹುರಾಜ್ಯ ಸಂಘಗಳ ನಿಬಂಧಕರು ದೆಹಲಿಯಲ್ಲಿದ್ದಾರೆ, ತೊಂದರೆಯಾದರೆ ದೂರು ಅಲ್ಲಿಯವರೆಗೆ ಹೋಗಬೇಕು. ಊರಿನ ಸಂಘದ ಮೇಲೆ ದೂರಿದ್ದರೆ ಸಹಾಯಕ ನಿಬಂಧಕರು, ಅವರ ಮೇಲೆ ಕಾರವಾರದಲ್ಲಿ ಜಿಲ್ಲೆಯ ಉಪ ನಿಬಂಧಕರು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ವ್ಯಾಜ್ಯ ಹೂಡಬಹುದು. ಠೇವಣಿ ಹಿಂದಿರುಗಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಸಹಕಾರ ಕಾಯ್ದೆಯಿದೆ ಎಂಬ ಕಾರಣಕ್ಕೆ ಅಲ್ಲಿಗೆ ಹೋಗುವ ದಾರಿ ಮುಚ್ಚುವುದಿಲ್ಲವೆಂದು 2003ರಲ್ಲೇ ಸುಪ್ರೀಂ ಕೋರ್ಟ್ ತಮಿಳುನಾಡಿನ ಕೃಷಿ ಪತ್ತಿನ ಸಂಘವೊಂದರ ಪ್ರಕರಣದಲ್ಲಿ ತೀರ್ಮಾನಿಸಿದೆ.

ಕೊನೆಯದಾಗಿ ನೆರೆಮನೆಯವರ ಜಾಮೀನು. ಸಂಘದ ಸಾಲಕ್ಕೆ ಇನ್ನೊಬ್ಬ ಸದಸ್ಯರ ಜಾಮೀನು ಕೇಳುವುದು ರೂಢಿ. ಅದು ಪರಿಚಯದ ಸಾಕ್ಷಿ ಎಂದು ಜನ ತಿಳಿದಿದ್ದಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಂಘ ಮೊದಲು ಸಾಲಗಾರನ ಆಸ್ತಿಗೆ ಕೈಹಾಕಿ, ಬರದಿದ್ದರೆ ನಿಮ್ಮ ಬಳಿಗೆ ಬರಬೇಕೆಂದೇನೂ ಇಲ್ಲ; ನೇರವಾಗಿ ನಿಮ್ಮನ್ನೇ ಕೇಳಬಹುದು. ನಿಮ್ಮ ಠೇವಣಿ, ಷೇರು, ಮುಂದಿನ ಬೆಳೆಸಾಲ ಎಲ್ಲವೂ ಅದರಲ್ಲಿ ಸಿಕ್ಕಿಬೀಳುತ್ತವೆ. ಕಟ್ಟಿದ ಮೇಲೆ ಅವರಿಂದ ವಸೂಲು ಮಾಡುವ ಹಕ್ಕು ನಿಮಗಿದೆ ನಿಜ. ಸಂಘಕ್ಕೇ ಕಟ್ಟದವರಿಂದ ಪಕ್ಕದ ಮನೆಯ ನೀವು ಹೇಗೆ ವಸೂಲು ಮಾಡುತ್ತೀರಿ?

ಆದ್ದರಿಂದ ಪೌತಿ ಖಾತೆ ಆಗಿ, ತಂದೆಯ ಸಾಲ ತೀರಿ, ನಿಮ್ಮದೇ ಬೆಳೆಸಾಲ ಒಂದು ವರ್ಷ ಸರಿಯಾಗಿ ನಡೆಯುವವರೆಗೆ ಯಾರಿಗೂ ಜಾಮೀನು ಹಾಕುವುದಿಲ್ಲವೆಂದು ಅವರಿಗೆ ನೇರವಾಗಿ ಹೇಳಿ. ಇದು ನೆಪವಲ್ಲ, ನಿಜವಾದ ಕಾರಣ. ತೋಟ ಮಾಡುವವರಿಗೆ ಅರ್ಥವಾಗುತ್ತದೆ. ಆಮೇಲೂ ಸಹಿ ಹಾಕುವ ಮನಸ್ಸಾದರೆ ಸಾಲದ ಮೊತ್ತ, ಅವಧಿ, ಇನ್ನೊಬ್ಬ ಜಾಮೀನುದಾರರ ಹೆಸರು ಎಲ್ಲವೂ ತುಂಬಿದ ಕಾಗದಕ್ಕೆ ಮಾತ್ರ ಹಾಕಿ, ಖಾಲಿ ನಮೂನೆಗೆ ಬೇಡ. ಸಹಿ ಮಾಡಿದ ಪ್ರತಿಯೊಂದನ್ನು ಅಂದೇ ಪಡೆದಿಟ್ಟುಕೊಳ್ಳಿ. ಪ್ರತಿ ವರ್ಷ ನವೀಕರಿಸುವ ಸಾಲವಾಗಿದ್ದರೆ, ಮುಂದಿನ ನವೀಕರಣಕ್ಕೆ ನಿಮ್ಮ ಜಾಮೀನು ಮುಂದುವರಿಯುವುದಿಲ್ಲವೆಂದು ಸಂಘಕ್ಕೆ ಮುಂಚಿತವಾಗಿ ಪತ್ರ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.